ಕೂರಾ ಲಾಯದ ಎಪ್ಪತ್ತೊಂದು ನಿಯಮಗಳು

ಹಿಲ್ಲೆವಿ ಕುವೊಸ್ಮಾನೆನ್‌ಗೆ ಐವತ್ತೊಂದು ವರ್ಷ. ಫಿನ್ಲೆಂಡಿನ ಕಾಯಾನಿ ಪೇಟೆಯ ಅಂಚಿನ ವಾಹನ ತಪಾಸಣೆ ಕೇಂದ್ರದಲ್ಲಿ ಕೌಂಟರಿನ ಹಿಂದೆ ಕೂತು, ಜನರ ಕಾರಿನಲ್ಲಿ ಏನೇನು ಸರಿಯಿಲ್ಲ ಎಂದು ಅವರಿಗೇ ತಿಳಿಸುವುದು ಇಪ್ಪತ್ತಾರು ವರ್ಷದಿಂದ ಅವಳ ಕೆಲಸ. ಈ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಹಿಲ್ಲೆವಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಅದು ಹೊಟ್ಟೆಪಾಡಿನ ಮಾತು. ಅವಳ ನಿಜವಾದ ಪದವಿ ಬೇರೆ. ಮುನ್ನೂರ ನಲವತ್ತು ಕುದುರೆಗಳಿದ್ದ ಕೂರಾ ಲಾಯದ ಮೇಲ್ವಿಚಾರಕಿ ಅವಳು. ಆ ಕುದುರೆಗಳಲ್ಲಿ ಒಂದಕ್ಕೂ ಮೈಯಿರಲಿಲ್ಲ. ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಹುಟ್ಟಿ, ಅಲ್ಲೇ ಮೇಯ್ದು, ಅಲ್ಲೇ ಸಾಯುವ ಕುದುರೆಗಳು. ಒಂದೊಂದಕ್ಕೂ ಒಂದು ಪುಟ, ಪುಟದಲ್ಲೊಂದು ಫೋಟೋ, ವಂಶಾವಳಿ, ಮಾಲಕಿ ಬರೆಯುವ ದಿನಚರಿ. ಇವತ್ತು ಕಾಡಿನ ದಾರಿಯಲ್ಲಿ ಓಡಿಸಿದೆ, ಗೊರಸು ಕೆತ್ತಿಸಿದೆ, ಕ್ಯಾರೆಟ್ ಕೊಟ್ಟೆ. ಆಟವೆಂದರೆ ಇಷ್ಟೇ. ಶುರುವಾದಾಗ ಆಡುತ್ತಿದ್ದವರು ಹನ್ನೆರಡರ ಹುಡುಗಿಯರು. ಈಗ ಅವರೇ ಮೂವತ್ತು ದಾಟಿದ ಹೆಂಗಸರು. ಮಕ್ಕಳನ್ನು ಶಾಲೆಗೆ ಬಿಟ್ಟುಬಂದು ಇಲ್ಲದ ಕುದುರೆಯ ಮೈ ಉಜ್ಜುತ್ತಿದ್ದರು. ಹಿಲ್ಲೆವಿ ಸ್ವತಃ ನಿಜವಾದ ಕುದುರೆ ಏರಿದ್ದು ಜೀವನದಲ್ಲಿ ಒಂದೇ ಸಲ, ಒಂಬತ್ತನೇ ವಯಸ್ಸಿನಲ್ಲಿ. ಆ ಕುದುರೆ ಅವಳನ್ನು ತುರಿಕೆ ಸೊಪ್ಪಿನ ಪೊದೆಯೊಳಗೆ ಇಳಿಸಿ ತನ್ನ ಪಾಡಿಗೆ ಮನೆಗೆ ಹೋಗಿತ್ತು. ಅದಕ್ಕೆ ಯಾವ ನಿಯಮವೂ ಇರಲಿಲ್ಲ. ಬಹುಶಃ ಎಲ್ಲ ಶುರುವಾದದ್ದು ಅಲ್ಲಿಂದಲೇ.

ಲಾಯಕ್ಕೆ ಮೊದಲು ಒಂಬತ್ತು ನಿಯಮಗಳಿದ್ದವು. ಈಗ ಎಪ್ಪತ್ತೊಂದು. ಒಂದೊಂದರ ಹಿಂದೆಯೂ ಒಬ್ಬೊಬ್ಬ ಅಪರಾಧಿ. ಒಬ್ಬಳು ಕೊಂಬಿನ ಕುದುರೆ ತಂದಳು. ಕೊಂಬಿಗೆ ಒಂದು ನಿಯಮ. ಇನ್ನೊಬ್ಬಳ ಕುದುರೆ ಒಂದೇ ಮಧ್ಯಾಹ್ನ ಎರಡೂರಲ್ಲಿ ಪಂದ್ಯ ಗೆದ್ದಿತು, ಅದಕ್ಕೊಂದು. ಮತ್ತೊಬ್ಬಳ ಹೆಣ್ಣು ಕುದುರೆ ಹನ್ನೊಂದರ ಬದಲು ಏಳು ತಿಂಗಳಿಗೆ ಮರಿ ಹಾಕಿತು. ಪಶುವೈದ್ಯೆಯ ಪ್ರಮಾಣಪತ್ರ ಕಡ್ಡಾಯವಾಯಿತು. ಆ ಪಶುವೈದ್ಯೆಯೂ ಆಟದವಳೇ, ಮನೆಯಲ್ಲಿ ಬೆಕ್ಕಿಗೆ ಹುಳದ ಮಾತ್ರೆ ಕೊಡಲೂ ಹೆದರುವವಳು.

ಹಿಲ್ಲೆವಿಯ ನೋಟಿಸುಗಳ ಭಾಷೆ ಬೇರೆಯೇ. ಫಿನ್ಲೆಂಡಿನಲ್ಲಿ ಎಲ್ಲರೂ ಎಲ್ಲರನ್ನೂ ‘ನೀನು’ ಎನ್ನುತ್ತಾರೆ, ವೈದ್ಯರನ್ನೂ ಮಂತ್ರಿಯನ್ನೂ. ಹಿಲ್ಲೆವಿ ಮಾತ್ರ ಹನ್ನೆರಡರ ಹುಡುಗಿಯರಿಗೆ “ತಾವು ತಮ್ಮ ಕುದುರೆಯ ಬಾಲದ ಬಣ್ಣವನ್ನು ಪೂರ್ವಾನುಮತಿಯಿಲ್ಲದೆ ಬದಲಿಸಿರುವುದು ಗಮನಕ್ಕೆ ಬಂದಿದೆ” ಎಂದು ಬರೆಯುತ್ತಿದ್ದಳು. ಆ ಹುಡುಗಿಯರು ಅದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಂಡರೆಂದು ಕೇಳಿ ಅದು ಗೌರವ ಎಂದೇ ಭಾವಿಸಿದ್ದಳು.

ಅವಳು ಅತಿ ಹೆಚ್ಚು ಹೆಮ್ಮೆಪಡುತ್ತಿದ್ದದ್ದು ಹದಿನೇಳನೆಯ ನಿಯಮದ ಬಗ್ಗೆ. ದಿನಚರಿಯಲ್ಲಿ ಕುದುರೆಯ ವಿಷಯ ಬಿಟ್ಟು ಹೊರಗಿನ ಬದುಕಿನ ಮಾತು ಬರೆಯುವಂತಿಲ್ಲ. ಯಾರೂ ಯಾರ ನಿಜ ಹೆಸರನ್ನೂ ಊರನ್ನೂ ಕೇಳುವಂತಿಲ್ಲ. ಹಿಂದೊಮ್ಮೆ ಯಾವನೋ ಮೀಸೆ ಬಂದವನು ಹದಿಮೂರರ ಹುಡುಗಿಯೆಂದು ಹೇಳಿಕೊಂಡು ನುಸುಳಿದ್ದ. ಹಿಲ್ಲೆವಿ ಅವನನ್ನು ಹಿಡಿದು ಹೊರಗಟ್ಟಿ ಈ ನಿಯಮ ಬರೆದಳು. ಒಳ್ಳೆಯ ನಿಯಮವೇ. ಒಳ್ಳೆಯ ನಿಯಮ ಕೆಟ್ಟ ಕೆಲಸ ಮಾಡುವುದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

*

ತಿಕ್ಕಾ ಎಂಬುದು ಒಬ್ಬ ಸದಸ್ಯೆಯ ಆಟದ ಹೆಸರು. ಹದಿನಾಲ್ಕು ವರ್ಷದಿಂದ ಇದ್ದವಳು. ಅವಳ ಕುದುರೆ ಉಸ್ವಾ, ಕಂದು ಬಣ್ಣದ ಹೆಣ್ಣು ಕುದುರೆ. ಹದಿನಾಲ್ಕು ವರ್ಷದಲ್ಲಿ ಆ ದಿನಚರಿಗೆ ಒಂದು ತಪ್ಪೂ ಬಿದ್ದಿರಲಿಲ್ಲ. ಹಾಗಾಗಿ ಹಿಲ್ಲೆವಿ ಅದನ್ನು ಸರಿಯಾಗಿ ಓದಿಯೇ ಇರಲಿಲ್ಲ.

ಅಕ್ಟೋಬರಿನಲ್ಲಿ ಓದಬೇಕಾಯಿತು. “ಲಾಯದ ಯಜಮಾನ ಈಗ ಕ್ಯಾರೆಟ್ ಎಣಿಸಿಡುತ್ತಾನೆ,” ಎಂದು ತಿಕ್ಕಾ ಬರೆದಿದ್ದಳು. “ಉಸ್ವಾ ಕಾಡಿಗೆ ಹೋಗುವುದು ಬೇಡವಂತೆ. ಅಲ್ಲಿ ಬೇರೆ ಕುದುರೆಗಳು ಸಿಗುತ್ತವಂತೆ.”

ಹಿಲ್ಲೆವಿ ಅಂಚಿನಲ್ಲಿ ಟಿಪ್ಪಣಿ ಹಾಕಿದಳು: ತಮ್ಮ ಲಾಯಕ್ಕೆ ಯಜಮಾನನೊಬ್ಬ ಸೇರಿದ್ದಾನೆ, ಸಿಬ್ಬಂದಿ ನೋಂದಣಿ ನಮೂನೆ ಬಂದಿಲ್ಲ.

ನವೆಂಬರಿನಲ್ಲಿ: “ಉಸ್ವಾ ಬೂಟಿನ ಸದ್ದು ಕೇಳಿಯೇ ಹೇಗೆ ನಿಲ್ಲಬೇಕೆಂದು ತಿಳಿದುಕೊಳ್ಳುತ್ತಾಳೆ. ಮುಂಗಾಲು ಊದಿದೆ. ಒಂದು ಕಣ್ಣು ಮೂರು ದಿನದಿಂದ ತೆರೆದಿಲ್ಲ. ತಾನೇ ಗೋಡೆಗೆ ಬಡಿದುಕೊಂಡಳೆಂದು ಯಜಮಾನ ಎಲ್ಲರಿಗೂ ಹೇಳಿದ್ದಾನೆ.”

ಹಿಲ್ಲೆವಿ: ಗಾಯಕ್ಕೆ ಪಶುವೈದ್ಯೆಯ ಪ್ರಮಾಣಪತ್ರ ಲಗತ್ತಿಸಿಲ್ಲ.

ಡಿಸೆಂಬರಿನ ಮೊದಲ ವಾರ: “ಬಾಗಿಲಿಗೆ ಹೊರಗಿನಿಂದ ಬೀಗ ಬಂದಿದೆ. ಈ ಚಳಿಗಾಲ ದಾಟುತ್ತಾಳೋ ಇಲ್ಲವೋ ಎಂದು ಉಸ್ವಾ ಯೋಚಿಸುತ್ತಾಳೆ.”

ಕುದುರೆ ಯೋಚಿಸುತ್ತದೆ ಎಂದು ಬರೆದಲ್ಲಿ ಹಿಲ್ಲೆವಿಯ ಹುಬ್ಬು ಮೇಲೇರಿತು, ಮೂರನೆಯ ಟಿಪ್ಪಣಿಯೂ ಬಿತ್ತು. ಏನೋ ಸರಿಯಿಲ್ಲ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಏನಾದರೂ ಸರಿಯಿಲ್ಲ ಅನಿಸಿದಾಗ ಮಾಡುವ ಕೆಲಸ ಅವಳಿಗೆ ಒಂದೇ ಗೊತ್ತಿತ್ತು. ಮೂರು ಟಿಪ್ಪಣಿಯಾದರೆ ಇ-ಮೇಲಿನಲ್ಲಿ ಲಿಖಿತ ಎಚ್ಚರಿಕೆ. ಮಂಗಳವಾರ ಬೆಳಗ್ಗೆ, ಮೊದಲ ಕಾರು ಬರುವ ಮುಂಚೆ, ಬರೆದು ಕಳಿಸಿಬಿಟ್ಟಳು: “ತಮ್ಮ ದಿನಚರಿಯಲ್ಲಿ ಬರುವ ಯಜಮಾನನು ಲಾಯದವನಾಗಿರದೆ ತಮ್ಮ ಮನೆಯವನಾಗಿರುವಂತೆ ತೋರುತ್ತದೆ. ಹೊರಗಿನ ಬದುಕನ್ನು ಬರೆಯುವುದು ಹದಿನೇಳನೆಯ ನಿಯಮಕ್ಕೆ ವಿರುದ್ಧ. ಸಂಬಂಧಪಟ್ಟ ಮೂರು ಬರಹಗಳ ಪ್ರತಿಯನ್ನು ಲಗತ್ತಿಸಿದೆ.”

ಉತ್ತರ ಹತ್ತೂವರೆಗೇ ಬಂತು. ಅಷ್ಟು ವಿನಯದ ಉತ್ತರ ಅವಳಿಗೆ ಇಪ್ಪತ್ತು ವರ್ಷದಲ್ಲಿ ಬಂದಿರಲಿಲ್ಲ. ಕಾಫಿ ಹೊತ್ತಿನಲ್ಲಿ ಅದನ್ನು ಓಸ್ಮೊಗೆ ಓದಿ ಹೇಳಿದಳು. ಓಸ್ಮೊ ಕೇಂದ್ರದ ಹಿರಿಯ ತಪಾಸಕ. ಕಾರಿನ ಹೊಟ್ಟೆಯ ಕೆಳಗೆ ಮೂವತ್ತು ವರ್ಷ ಕಳೆದ ಮನುಷ್ಯ. ಏಲಕ್ಕಿ ಬನ್ನು ಕಾಫಿಯಲ್ಲಿ ಅದ್ದುತ್ತ ಕೂತಿದ್ದ.

“ಕೇಳು,” ಎಂದಳು ಹಿಲ್ಲೆವಿ. “‘ಪತ್ರ ತಲುಪಿತು. ನನ್ನ ಹೆಂಡತಿ ಹೀಗೆಲ್ಲ ಬರೆಯುತ್ತಿದ್ದಾಳೆಂದು ನನಗೆ ತಿಳಿದಿರಲಿಲ್ಲ. ಮಕ್ಕಳಾಟವೆಂದು ಸುಮ್ಮನಿದ್ದೆ. ಗಮನಕ್ಕೆ ತಂದದ್ದಕ್ಕೆ ಕೃತಜ್ಞತೆಗಳು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.’ ನೋಡು, ಜನ ಹೀಗೆ ಇರಬೇಕು. ನೀನಾದರೆ ನಾನು ಹೇಳಿದ್ದಕ್ಕೆ ಗೊಣಗುತ್ತೀಯ.”

ಓಸ್ಮೊ ಬನ್ನು ಬಾಯಿಗಿಡಲಿಲ್ಲ. “ಅವಳು ಬರೆದದ್ದೇನು? ಅದನ್ನೂ ಓದು.”

ಓದಿದಳು. ಕ್ಯಾರೆಟ್, ಬೂಟು, ಕಣ್ಣು, ಬೀಗ. ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಬೀಗದ ಹತ್ತಿರ ಬರುವಷ್ಟರಲ್ಲಿ ಅವಳ ದನಿ ಸಣ್ಣಗಾಗಿತ್ತು.

“ಹಿಲ್ಲೆವಿ,” ಎಂದ ಓಸ್ಮೊ ಮೆಲ್ಲಗೆ. “ಇದರಲ್ಲಿ ಕುದುರೆ ಎಲ್ಲಿದೆಯೇ?”

ಹಿಲ್ಲೆವಿ ಮತ್ತೆ ಮೊದಲ ಸಾಲಿಗೆ ಕಣ್ಣು ಹಾಯಿಸಿದಳು.

“ಅವಳು ಯಾರಿಗೂ ಹೇಳೋಕಾಗದೆ ನಿನಗೆ ಹೇಳಿದ್ದಾಳೆ. ನೀನು ತಗೊಂಡುಹೋಗಿ ಅವನ ಕೈಗೇ ಕೊಟ್ಟೆ. ಪ್ರತಿ ಬೇರೆ ಲಗತ್ತಿಸಿ.”

ಹಿಲ್ಲೆವಿ ಉತ್ತರ ಬಂದ ವಿಳಾಸ ನೋಡಿದಳು: ತಿಕ್ಕಾಳದೇ. ಆಗ ನೆನಪಾಯಿತು: ಬೇಸಿಗೆಯಲ್ಲಿ ತಿಕ್ಕಾ ಕೇಳಿಕೊಂಡಿದ್ದಳು, ಇ-ಮೇಲಿಗೆ ಏನೂ ಕಳಿಸಬೇಡಿ, ಏನಿದ್ದರೂ ಅಂಚಿನಲ್ಲಿ ಬರೆಯಿರಿ ಅಂತ. ವಿನಾಯಿತಿಗೆ ಅವಕಾಶವಿಲ್ಲ ಎಂದು ಹಿಲ್ಲೆವಿ ಉತ್ತರಿಸಿದ್ದಳು.

“ಫೋನ್ ಮಾಡು,” ಎಂದ ಓಸ್ಮೊ.

“ಯಾರಿಗೆ? ಅವಳ ಹೆಸರೇ ಗೊತ್ತಿಲ್ಲ.”

“ಹದಿನಾಲ್ಕು ವರ್ಷದಿಂದ ಇದ್ದಾಳೆ ಅಂದೆ!”

“ಕೇಳುವಂತಿಲ್ಲ ಅಂತ ನಿಯಮ ಇದೆ.”

ಓಸ್ಮೊ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಪಾಪ ಅನಿಸಿತೋ ಏನೋ, ಬನ್ನು ತುಂಬಿಕೊಂಡ.

*

ಊರು ತಿಳಿಯುವುದಕ್ಕೆ ಕಷ್ಟವಾಗಲಿಲ್ಲ. ಒಬ್ಬಳೇ ಎರಡು ಹೆಸರಿನಲ್ಲಿ ಆಡಿ ಮೋಸ ಮಾಡದಿರಲೆಂದು, ಪ್ರತಿ ಬರಹದ ಕೆಳಗೆ ಅದು ಯಾವ ಊರಿನಿಂದ ಬಂತೆಂದು ತಾನಾಗಿ ಮೂಡುವ ಏರ್ಪಾಡನ್ನು ಹಿಲ್ಲೆವಿ ಹಿಂದೆಯೇ ಮಾಡಿಸಿದ್ದಳು. ಸದಸ್ಯರೆಲ್ಲರಿಗೂ ಅದು ಕಾಣುತ್ತಿತ್ತು. ಊರು ಯಾವುದೆಂದು ಕೇಳಬಾರದು, ಆದರೆ ಎಲ್ಲರೂ ನೋಡಬಹುದು. ಈ ಎರಡು ನಿಯಮ ಒಂದನ್ನೊಂದು ತಿನ್ನುತ್ತವೆಂದು ಯಾರಿಗೂ ಹೊಳೆದಿರಲಿಲ್ಲ. ಊರು ಸೋತ್ಕಾಮೊ. ಅಲ್ಲಿ ಹತ್ತು ಸಾವಿರ ಜನ.

ಹೆಸರು ಸಿಕ್ಕಿದ್ದು ಫೋಟೋದಿಂದ. ಈ ಆಟದ ಜನ ಮತ್ತೇನನ್ನಾದರೂ ಕದ್ದಾರು, ಕುದುರೆಯ ಫೋಟೋ ಕದಿಯುವುದಿಲ್ಲ. ತೆಗೆದವರ ಸಹಿಯಿರುವ ಅನುಮತಿಪತ್ರ ಬೇಕೇ ಬೇಕು. ಹಿಲ್ಲೆವಿಯ ಮನೆಯ ಬೀರುವಿನಲ್ಲಿ ಅಂಥ ಪತ್ರಗಳ ಹನ್ನೊಂದು ಫೈಲುಗಳಿದ್ದವು. ಅರ್ಧ ದಿನ ರಜೆ ಎಂದಷ್ಟೇ ಹೇಳಿ ಮನೆಗೆ ಓಡಿದಳು. ರಜೆ ಅರ್ಜಿ ತುಂಬದೆ ಹೋದದ್ದು ಅವಳಿಗೆ ದಾರಿಯಲ್ಲಿ ನೆನಪಾಯಿತು, ಹಿಂದಿರುಗಲಿಲ್ಲ. ಉಸ್ವಾಳ ಪುಟದಲ್ಲಿದ್ದ ನಿಜವಾದ ಕುದುರೆಯ ಫೋಟೋ ತೆಗೆದವಳು ನುರ್ಮೆಸ್‌ನ ಸಿನಿಕ್ಕಾ ಎಂಬ ಲಾಯದೊಡತಿ. ಅವಳಿಗೆ ಫೋನ್ ಮಾಡಿದಳು.

“ಆ ಕುದುರೆ ಸತ್ತು ಆರು ವರ್ಷವಾಯ್ತು,” ಎಂದಳು ಸಿನಿಕ್ಕಾ. “ಈಗ ಏನು ತಕರಾರು?”

“ತಕರಾರಲ್ಲ. ಫೋಟೋ ಕೇಳಿದ ಹುಡುಗಿ ಯಾರು?”

“ಜೊನ್ನಾ. ನಮ್ಮಲ್ಲಿ ಲದ್ದಿ ಬಾಚೋಕೆ ಬರ್ತಿದ್ಲು. ಬಾಯಿ ಸತ್ತ ಹುಡುಗಿ, ಕುದುರೆ ಜೊತೆ ಮಾತ್ರ ಮಾತು. ಸೋತ್ಕಾಮೊ ಕಡೆಗೆ ಮದುವೆಯಾಗಿ ಹೋದ್ಲು.” ಸ್ವಲ್ಪ ತಡೆದು ಹೇಳಿದಳು, “ಒಂದ್ಸಲ ಗಂಡನ್ನ ಕರ್ಕೊಂಡು ಬಂದಿದ್ಲು. ಬಲು ಅಚ್ಚುಕಟ್ಟು ಮನುಷ್ಯ. ಅವನು ಒಳಗೆ ಕಾಲಿಟ್ಟ ಕೂಡ್ಲೇ ನನ್ನ ಕುದುರೆಗಳೆಲ್ಲ ಹಿಂದಕ್ಕೆ ಸರಿದ್ವು. ಯಾಕೆ, ಅವಳಿಗೇನಾಯ್ತು?”

“ಗೊತ್ತಿಲ್ಲ. ಆಗದೆ ಇರಲಿ ಅಂತ ಕೇಳ್ತಿದೀನಿ. ಅವಳ ಈಗಿನ ಮನೆತನದ ಹೆಸರು ಹೇಳು.”

ತುರ್ತು ಸಹಾಯದ ನಂಬರಿಗೆ ಫೋನ್ ಮಾಡಿದಾಗ ಎತ್ತಿಕೊಂಡ ಹುಡುಗ ತಾಳ್ಮೆಯವನಾಗಿದ್ದ.

“ಅಪಾಯದಲ್ಲಿರೋದು ಯಾರು?”

“ಒಂದು ಹೆಣ್ಣು ಕುದುರೆ,” ಎಂದಳು ಹಿಲ್ಲೆವಿ. “ಅಲ್ಲ. ಹೆಂಗಸು. ಕುದುರೆ ಅಂತ ಬರೆದಿದ್ದಾಳೆ, ಆದರೆ ಹೆಂಗಸು.”

“ನೀನು ಅವಳನ್ನು ನೋಡಿದ್ದೀಯಾ?”

“ಇಲ್ಲ.”

“ಮಾತಾಡಿದ್ದೀಯಾ?”

“ಎಚ್ಚರಿಕೆ ಕೊಟ್ಟಿದ್ದೇನೆ. ಅದಕ್ಕೇ ಹೇಳ್ತಿರೋದು. ಬೆಳಗ್ಗೆ ಒಂಬತ್ತಕ್ಕೆ ಕೊಟ್ಟೆ, ಅವನು ಹತ್ತೂವರೆಗೆ ಓದಿದ, ಈಗ ಎರಡು ಗಂಟೆ. ನಗಬೇಡ.”

“ನಗ್ತಾ ಇಲ್ಲ,” ಎಂದ ಹುಡುಗ. “ಗಾಡಿ ಹೊರಟಿದೆ. ಆ ಬರಹ ನನಗೆ ಕಳಿಸು.”

*

ಪೊಲೀಸರು ಏನು ಕಂಡರೆಂದು ಅವಳಿಗೆ ಯಾರೂ ಹೇಳಲಿಲ್ಲ. ಕೇಳಿದರೆ, ಹೇಳಲು ಬರುವುದಿಲ್ಲ, ನಿಯಮವಿದೆ ಎಂದರು. ತನ್ನದೇ ಮಾತು ತನ್ನ ಮುಖಕ್ಕೆ ಬಡಿದ ಹಾಗಾಯಿತು. ಹನ್ನೊಂದು ದಿನ ದಿನಚರಿ ಸುಮ್ಮನಿತ್ತು. ಹಿಲ್ಲೆವಿ ಕೌಂಟರಿನಲ್ಲಿ ಕೂತು, ಸವೆದ ಟಯರಿನವರನ್ನು ಒಂದು ಮಾತೂ ಆಡದೆ ಬಿಟ್ಟಳು. ಜನ ಅವಳಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು.

ಹನ್ನೆರಡನೆಯ ದಿನ ಮೂರು ಸಾಲು ಬಂತು: “ಉಸ್ವಾ ಬೇರೆ ಲಾಯದಲ್ಲಿದ್ದಾಳೆ. ಇಲ್ಲಿ ಚಿಲಕ ಒಳಗಿನಿಂದ ಇದೆ. ಇಲ್ಲಿರುವುದು ಯಾರಿಗೂ ತಿಳಿಯಬಾರದಂತೆ.” ಕೆಳಗೆ, ತಾನಾಗಿ ಮೂಡಿದ ಊರಿನ ಹೆಸರು. ಸೋತ್ಕಾಮೊ ಅಲ್ಲ. ಇನ್ನೂರು ಕಿಲೋಮೀಟರ್ ದೂರದ, ಇನ್ನೂ ಸಣ್ಣ ಊರು. ಅಂಥ ಊರಿನಲ್ಲಿ ಹೆಂಗಸರ ಆಶ್ರಯ ಮನೆ ಒಂದೇ ಇರುತ್ತದೆ.

ಹಿಲ್ಲೆವಿ ಕಣ್ಣೊರೆಸಿಕೊಂಡಳು. ಊರಿನ ಹೆಸರು ಅವಳ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆ ವಾರವೇ ವಿನಯದ ಮನುಷ್ಯ ಮತ್ತೆ ಬರೆದ. ಹೆಂಡತಿ ಗುಪ್ತಪದ ಮರೆತಿದ್ದಾಳೆ, ದಯವಿಟ್ಟು ಹೊಸದು ಕಳಿಸಿ ಎಂದು. ಹಿಲ್ಲೆವಿ ಉತ್ತರ ಕೊಡಲಿಲ್ಲ. ಅದಕ್ಕೆ ಸದಸ್ಯೆಯೇ ಕಾಗದದಲ್ಲಿ ಸಹಿ ಮಾಡಿದ ಅರ್ಜಿ ಬೇಕೆಂಬ ನಿಯಮಕ್ಕೆ ಮನಸ್ಸಿನಲ್ಲೇ ಕೈಮುಗಿದಳು. ಮತ್ತೆರಡು ದಿನ ಬಿಟ್ಟು, ಬುಧವಾರ, ಹೊಸ ಸದಸ್ಯತ್ವಕ್ಕೆ ಒಂದು ಅರ್ಜಿ ಬಂತು. ಹೆಣ್ಣು ಹೆಸರು, ಬೇರೆ ವಿಳಾಸ. ಏಳು ಪುಟ. ವಂಶಾವಳಿ ಐದು ತಲೆಮಾರಿನದು. ಫೋಟೋಗೆ ಅನುಮತಿ, ಅನುಮತಿಗೆ ಸಹಿ. ಎಪ್ಪತ್ತೊಂದು ನಿಯಮದ ಮುಂದೆಯೂ ಓದಿದ್ದೇನೆ ಎಂಬ ಗುರುತು.

ಹಿಲ್ಲೆವಿ ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದಳು. ಒಂದು ತಪ್ಪೂ ಸಿಗಲಿಲ್ಲ. ಇಪ್ಪತ್ತು ವರ್ಷದಲ್ಲಿ ತಪ್ಪಿಲ್ಲದ ಅರ್ಜಿ ಒಂದೂ ಬಂದಿರಲಿಲ್ಲ. ಕುದುರೆ ಬೇಕೆನ್ನುವವರಿಗೆ ಏಳು ಪುಟ ತುಂಬುವ ತಾಳ್ಮೆ ಎಲ್ಲಿರುತ್ತದೆ? ಇದು ಕುದುರೆ ಬೇಕಾದವರ ಅರ್ಜಿಯಲ್ಲ. ಕೊನೆಯಲ್ಲಿ ಒಂದು ಸಾಲು ಇತ್ತು: “ಎಲ್ಲವೂ ನಿಯಮದಂತೆ ನಡೆಯುವ ಹಾಗೆ ನೋಡಿಕೊಳ್ಳುತ್ತೇನೆ.”

ಊರಿನ ಹೆಸರು ಆಗ ಅವಳ ತಲೆಗೆ ಹೋಯಿತು. ಸದಸ್ಯನಾದ ಕ್ಷಣ ಆ ವಿನಯದ ಮನುಷ್ಯ ಉಸ್ವಾಳ ಪುಟ ತೆರೆಯುತ್ತಾನೆ. ಮೂರು ಸಾಲಿನ ಕೆಳಗೆ ಅದು ಕೂತಿದೆ.

ಗುರುವಾರ ಬೆಳಗ್ಗೆ ಹನ್ನೊಂದೂಕಾಲಿಗೆ ಅವಳು ಮಿರ್ಕಾಗೆ ಫೋನ್ ಮಾಡಿದಳು. ಲಾಯದ ಕಂಪ್ಯೂಟರ್ ಯಂತ್ರವನ್ನೆಲ್ಲ ಹದಿನೇಳನೇ ವಯಸ್ಸಿನಲ್ಲಿ ಕಟ್ಟಿದವಳು ಮಿರ್ಕಾ. ಈಗ ಓಉಲು ನಗರದಲ್ಲಿ ಹಲ್ಲಿನ ವೈದ್ಯೆ.

“ರೋಗಿ ಬಾಯಿ ತೆಗೆದು ಮಲಗಿದ್ದಾನೆ, ಬೇಗ ಹೇಳು.”

“ಒಂದು ಅರ್ಜಿ ತಿರಸ್ಕರಿಸಬೇಕು.”

“ಆಗಲ್ಲ. ತಪ್ಪಿಲ್ಲದ ಅರ್ಜಿ ಮರುದಿನ ಹನ್ನೆರಡಕ್ಕೆ ತಾನಾಗಿ ಒಳಗೆ ಹೋಗುತ್ತೆ. ಕುದುರೆಯ ಹೆಸರು ಇಷ್ಟವಾಗಲಿಲ್ಲ ಅಂತ ನೀನು ಒಬ್ಬಳನ್ನ ಓಡಿಸಿದ್ದೆ, ಎಲ್ಲರೂ ಗಲಾಟೆ ಮಾಡಿದ್ರು, ಆಗ ನಾನೇ ನಿನ್ನ ಕೈ ಕಟ್ಟಿದ್ದು. ಮರೆತೆಯಾ?”

“ಹಾಗಾದರೆ ಒಂದು ದಿನಚರಿ ಅಳಿಸಬೇಕು.”

“ಬರೆದದ್ದು ಅಳಿಸುವಂತಿಲ್ಲ. ಎರಡನೇ ನಿಯಮ. ನಿನ್ನದೇ.”

“ಕುದುರೆ ಸತ್ತಿತು ಅಂತ ಹಾಕಿದರೆ?”

“ಪುಟ ಸ್ಮಶಾನಕ್ಕೆ ಹೋಗುತ್ತೆ. ಯಾರು ಬೇಕಾದರೂ ಹೋಗಿ ಓದಬಹುದು, ಹೂವೂ ಇಡಬಹುದು. ಹೂವು ಬೇಕು ಅಂತ ಹಟ ಮಾಡಿದ್ದೂ ನೀನೇ. ಯಾಕೆ, ಏನಾಯ್ತು?”

ಹಿಲ್ಲೆವಿ ಹೇಳಿದಳು. ಆ ತುದಿಯಲ್ಲಿ ಸಣ್ಣ ಯಂತ್ರವೊಂದು ಗುಯ್‌ಗುಡುವುದು ನಿಂತಿತು.

“ಎಲ್ಲಾ ಆರಿಸಿಬಿಡು,” ಎಂದಳು ಮಿರ್ಕಾ. “ಪೂರ್ತಿ ಲಾಯ. ಅದೊಂದೇ ದಾರಿ. ಆದರೆ ಅದು ಮುದಿ ಯಂತ್ರ, ಹಿಲ್ಲೆವಿ. ಒಮ್ಮೆ ಆರಿಸಿದರೆ ಮತ್ತೆ ಏಳಲ್ಲ. ಎಲ್ಲರ ಕುದುರೆಗಳೂ ಹೋಗುತ್ತವೆ. ಇಪ್ಪತ್ತು ವರ್ಷ.”

ಗೋಡೆಯ ಗಡಿಯಾರ ಹನ್ನೊಂದು ಮೂವತ್ತೈದು ತೋರಿಸುತ್ತಿತ್ತು. ಹೊರಗೆ ಹಿಮ ನೀಲಿಯಾಗಿತ್ತು. ಕೌಂಟರಿನ ಮುಂದೆ ನಿಂತಿದ್ದ ಮುದುಕನೊಬ್ಬ ತನ್ನ ಬ್ರೇಕಿನ ಬಗ್ಗೆ ಏನೋ ಹೇಳುತ್ತಿದ್ದ. ಓಸ್ಮೊ ಅವನ ತೋಳು ಹಿಡಿದು ಆಚೆ ಕರೆದುಕೊಂಡು ಹೋದ.

ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು. ಸದಸ್ಯರಿಗೆ ಒಂದು ತಿಂಗಳು ಮುಂಚೆ ತಿಳಿಸದೆ ಲಾಯ ಮುಚ್ಚುವಂತಿಲ್ಲ. ಮೂರನೇ ಎರಡು ಪಾಲು ಮತ ಬೇಕು. ಕುದುರೆಗಳಿಗೆ ಬದಲಿ ಲಾಯ ಹುಡುಕಿಕೊಡಬೇಕು. ಎಲ್ಲವೂ ಅವಳ ಕೈಬರಹದ್ದೇ. ಇವನ್ನು ಬರೆದಾಗ ತಾನು ಯಾರನ್ನೋ ಕಾಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದಳು.

ಹನ್ನೊಂದು ಐವತ್ತೆರಡಕ್ಕೆ ಲಾಯ ಆರಿತು. ಬಿಳಿಯ ಪುಟದ ಮೇಲೆ ಒಂದೇ ಸಾಲು ಉಳಿಸಿದಳು: “ಲಾಯ ಮುಚ್ಚಿದೆ. ಕುದುರೆಗಳೆಲ್ಲ ಕ್ಷೇಮ.” ಜೊನ್ನಾಗೆ ಬೇರೆ ಮಾತು ಮುಟ್ಟಿಸುವ ದಾರಿ ಇರಲಿಲ್ಲ. ಇದ್ದ ಒಂದೇ ವಿಳಾಸವನ್ನು ಅವನು ಓದುತ್ತಿದ್ದ.

ಸಂಜೆಯೊಳಗೆ ನಲವತ್ತಾರು ಪತ್ರಗಳು ಬಂದವು. ಒಬ್ಬಳು ಸರ್ವಾಧಿಕಾರಿ ಎಂದಳು. ಒಬ್ಬಳು ತನ್ನ ಕುದುರೆ ತುಂಬು ಗಬ್ಬವಾಗಿತ್ತು ಎಂದು ಅತ್ತಳು. ಬೆಕ್ಕಿಗೆ ಹೆದರುವ ಪಶುವೈದ್ಯೆ, ನಿನ್ನ ಮೇಲೆ ದೂರು ಯಾರಿಗೆ ಕೊಡಬೇಕು ಎಂದು ಕೇಳಿದಳು. ದೂರು ಕೊಡಬೇಕಾದದ್ದೂ ಹಿಲ್ಲೆವಿಗೇ ಎಂಬುದು ಅವಳಿಗೆ ಮರೆತಿತ್ತು. ಹಿಲ್ಲೆವಿ ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದರೆ ಅವರಲ್ಲೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಾಳೆ, ಮಾತಿಗೆ ಕಾಲು ಬರುತ್ತದೆ.

ನಲವತ್ತೇಳನೆಯದು ಮರುದಿನ ಬೆಳಗ್ಗೆ ಬಂತು. ಅದರಲ್ಲಿ ಸಿಟ್ಟೇ ಇರಲಿಲ್ಲ. “ಲಾಯವನ್ನು ಯಾವ ನಿಯಮದ ಪ್ರಕಾರ ಮುಚ್ಚಲಾಯಿತೆಂದು ತಿಳಿಸಿದರೆ ಉಪಕಾರವಾಗುತ್ತದೆ. ನನಗೆ ಆತುರವಿಲ್ಲ. ಕಾಯುವ ಅಭ್ಯಾಸವಿದೆ.”

ಅದನ್ನು ಅಚ್ಚು ಹಾಕಿ, ಹಳೆಯ ಎರಡು ಪತ್ರ ಮತ್ತು ಏಳು ಪುಟದ ಅರ್ಜಿಯ ಜೊತೆ ಸೇರಿಸಿ, ಊಟದ ಬಿಡುವಿನಲ್ಲಿ ಪೊಲೀಸ್ ಠಾಣೆಗೆ ನಡೆದುಕೊಂಡು ಹೋದಳು. ಓಸ್ಮೊ ಕೇಳದೆಯೇ ಜೊತೆಗೆ ಹೊರಟ. ಠಾಣೆಯ ಹೆಂಗಸು ಎಲ್ಲವನ್ನೂ ನಿಧಾನವಾಗಿ ಓದಿದಳು.

“ಇದರಲ್ಲಿ ಬೆದರಿಕೆ ಅಂತ ಒಂದು ಪದವೂ ಇಲ್ಲ,” ಎಂದಳು.

“ಇಲ್ಲ,” ಎಂದಳು ಹಿಲ್ಲೆವಿ. “ಒಂದು ತಪ್ಪೂ ಇಲ್ಲ. ನೀನು ಮತ್ತೊಮ್ಮೆ ಓದು.”

ಆ ಹೆಂಗಸು ಅವಳನ್ನೊಮ್ಮೆ ನೋಡಿ, ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.